ಹಳೇ ಬೆಂಚು ಕೊಳ್ಳಿ, ಆದರೆ ಚಾವಡಿಯಲ್ಲಿಡಿ

ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಕೋರ್ಸು ಮುಗಿಸಿ ಊರಿಗೆ ಹೊರಟ ಮಣಿಪಾಲದ ವಿದ್ಯಾರ್ಥಿಗಳು ತಮ್ಮ ಸಾಮಾನುಗಳನ್ನು ಮಾರುತ್ತಾರೆ. ಸೈಕಲ್, ಓದುವ ಮೇಜು, ಇಸ್ತ್ರಿಪೆಟ್ಟಿಗೆ, ಹಾಸಿಗೆ. ಕೆಲವು ವರ್ಷಗಳಿಂದ ಈ ಸಾಲಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಮಲಗಿ ಭಾರ ಎತ್ತುವ ವ್ಯಾಯಾಮದ ಬೆಂಚು, ಅದರ ಜತೆಗೆ ಒಂದು ಕಬ್ಬಿಣದ ರಾಡು, ನಾಲ್ಕಾರು ಪ್ಲೇಟುಗಳು. 2020ರ ಲಾಕ್‌ಡೌನಿನಲ್ಲಿ ಜಿಮ್ಮುಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗ ಬಹಳ ಮಂದಿ ಇವನ್ನು ಮನೆಗೆ ತಂದರು. ಮೊದಲ ಮೂರು ತಿಂಗಳು ಎತ್ತಿದರು. ಆಮೇಲೆ ನಮ್ಮ ಕರಾವಳಿಯ ಮಳೆ ಬಂತು. ಒಣಗದ ಬಟ್ಟೆಗಳನ್ನು ಹರವಲು ಆ ಬೆಂಚಿನಷ್ಟು ಒಳ್ಳೆಯ ಜಾಗ ಮನೆಯಲ್ಲಿ ಬೇರೆ ಇರಲಿಲ್ಲ!

ಹೀಗೆ ಬಟ್ಟೆ ಒಣಗಿಸಿದ ಬೆಂಚುಗಳು ಈಗ ಕೈ ಬದಲಾಯಿಸುತ್ತಿವೆ. ಕೊಳ್ಳುವ ಮೊದಲು ವೈದ್ಯರನ್ನು ಕೇಳುವವರು ಬಹಳ ಕಡಿಮೆ. ಕೊಂಡ ಮೇಲೆ, ಭುಜ ಹಿಡಿದುಕೊಂಡಾಗ, ಬೆನ್ನು ಉಳುಕಿದಾಗ ಬರುತ್ತಾರೆ. ಕೊಳ್ಳುವ ಮುನ್ನವೇ ಬಂದ ಒಂದು ತಂದೆ ಮಗನ ಜೋಡಿಯಿಂದ ಇಂದಿನ ಮಾತು ಆರಂಭಿಸುತ್ತೇನೆ.

ರೋಗಿ ಯಾರು?

ಕಾಪು ಕಡೆಯವರು. ಮಗನಿಗೆ ಹತ್ತೊಂಬತ್ತು, ತಂದೆಗೆ ಐವತ್ತೆರಡು. ತಂದೆ ಕುಳಿತವರೇ ಶುರು ಮಾಡಿದರು. ``ಡಾಕ್ಟ್ರೇ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ. ಮಣಿಪಾಲದಲ್ಲಿ ಯಾರೋ ಹಳೇ ಜಿಮ್ ಬೆಂಚು ಕೊಡ್ತಾರಂತೆ. ಬೇಕೇ ಬೇಕು ಅಂತ ಹಟ. ಭಾರ ಎತ್ತಿದ್ರೆ ಎತ್ತರ ಬೆಳೆಯೋದಿಲ್ಲ ಅಲ್ವಾ? ಹಾರ್ಟಿಗೂ ತೊಂದರೆ ಅಲ್ವಾ?''

ಹುಡುಗನನ್ನು ಪರೀಕ್ಷಿಸಿದೆ. ರಕ್ತದೊತ್ತಡ 118/76. ಎದೆಯ ಬಡಿತ ಸರಿಯಾಗಿದೆ. ಓಡುವಾಗ ಎದೆನೋವಾಗಲಿ, ತಲೆಸುತ್ತಾಗಲಿ ಬಂದದ್ದಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸತ್ತವರಿಲ್ಲ. ``ಇವನು ಧಾರಾಳವಾಗಿ ಎತ್ತಬಹುದು, ಸರಿಯಾಗಿ ಎತ್ತಿದರೆ ಎತ್ತರಕ್ಕೂ ಅಡ್ಡಿಯಿಲ್ಲ'' ಎಂದೆ. ತಂದೆಯ ಮುಖ ಸ್ವಲ್ಪ ಅರಳಿತು. ಮೆತ್ತಗೆ ಕೇಳಿದರು: ``ಹಾಗಾದ್ರೆ ನಾನೂ ಒಂದೊಂದು ಸಲ ಎತ್ತಬಹುದಾ?''

ಆಗ ನನಗೆ ಅನುಮಾನ ಬಂತು. ಅವರ ತೋಳಿಗೂ ಪಟ್ಟಿ ಸುತ್ತಿದೆ. 168/102. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆ. 164/100. ಅವರು ರಕ್ತದೊತ್ತಡ ಪರೀಕ್ಷಿಸಿಕೊಂಡು ಆರು ವರ್ಷಗಳಾಗಿದ್ದವು. ಮಗನಿಗೆ ಬುದ್ಧಿ ಹೇಳಿಸಲು ಬಂದ ಆ ಹಿರಿಯರೇ ಅಂದು ನನ್ನ ರೋಗಿಯಾದರು.

ಓದುಗರೇ, ಈ ಸಂಗತಿಯನ್ನು ಮೊದಲೇ ಹೇಳಲು ಕಾರಣವಿದೆ. ಬೆಂಚು ಬರುವುದು ಮಗನ ಹೆಸರಿನಲ್ಲಾದರೂ ಬಂದ ಮೇಲೆ ಅದು ಇಡೀ ಮನೆಯದು. ತಂದೆ ಒಮ್ಮೆ ಮಲಗಿ ನೋಡುತ್ತಾರೆ, ರಜೆಗೆ ಬಂದ ಭಾವ ಪಂಥ ಕಟ್ಟುತ್ತಾರೆ, ಚಿಕ್ಕ ಮಕ್ಕಳು ಪ್ಲೇಟು ಉರುಳಿಸುತ್ತಾರೆ. ಆದ್ದರಿಂದ ಬೆಂಚಿನ ನಟ್ಟು ಬೋಲ್ಟು ನೋಡುವುದಕ್ಕೆ ಮೊದಲು ಮನೆಯವರ ಮೈ ನೋಡಿಸಿಕೊಳ್ಳಿ.

ಅಕ್ಕಿ ಮುಡಿಯ ಕಾಲ

``ನಮ್ಮ ಅಜ್ಜ ಯಾವ ಜಿಮ್ಮಿಗೆ ಹೋಗಿದ್ರು?'' ಎಂದು ಕೇಳುವವರುಂಟು. ಅವರ ಅಜ್ಜ ಅಕ್ಕಿ ಮುಡಿಯನ್ನು ಹೆಗಲಿಗೇರಿಸಿ ಗದ್ದೆಯ ಹುಣಿಯ ಮೇಲೆ ನಡೆಯುತ್ತಿದ್ದರು. ಅಜ್ಜಿ ದಿನಕ್ಕೆ ಐವತ್ತು ಕೊಡ ನೀರು ಸೇದುತ್ತಿದ್ದರು, ಒನಕೆ ಎತ್ತಿ ಭತ್ತ ಕುಟ್ಟುತ್ತಿದ್ದರು. ಅದೇ ಅವರ ಭಾರ ಎತ್ತುವ ವ್ಯಾಯಾಮ. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಆ ದುಡಿಮೆಯಲ್ಲಿ ಸೊಂಟ ಕಳೆದುಕೊಂಡವರೂ ಇದ್ದರು. ಆದರೆ ಈಗ ಪಂಪು, ಮಿಕ್ಸಿ, ಸ್ಕೂಟರ್ ಬಂದಿವೆ. ನಮ್ಮ ಸ್ನಾಯುಗಳಿಗೆ ಎತ್ತಲು ಏನೂ ಉಳಿದಿಲ್ಲ.

ಮೂವತ್ತು ದಾಟಿದ ಮೇಲೆ ದೇಹದ ಸ್ನಾಯು ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಇದು ಬರೀ ಮೈಕಟ್ಟಿನ ವಿಷಯವಲ್ಲ. ನೀವು ಉಂಡ ಕುಚ್ಚಲಕ್ಕಿ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದರ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಸ್ನಾಯು ಕುಗ್ಗಿ ಹೊಟ್ಟೆ ಹಿಗ್ಗಿದರೆ ಸಕ್ಕರೆ ಕಾಯಿಲೆಗೆ ದಾರಿ ಸುಗಮವಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಇನ್ನೂ 13.6 ಕೋಟಿ ಜನ ಗಡಿಯಲ್ಲಿ ನಿಂತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಸಲಹೆಯಲ್ಲಿ ವಾರಕ್ಕೆ 150 ನಿಮಿಷದಿಂದ 300 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯ ಜತೆಗೆ, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ಹೇಳಿದೆ. ನಾವು ವೈದ್ಯರು ``ವಾಕಿಂಗ್ ಮಾಡಿ'' ಎಂಬ ಮೊದಲರ್ಧವನ್ನು ಮಾತ್ರ ಹೇಳಿ ಎರಡನೆಯದನ್ನು ಮರೆಯುತ್ತೇವೆ.

ನಾನೂ ಮರೆತಿದ್ದೆ. ನನ್ನ ತಂದೆ ಕಾರ್ಕಳದ ಬಳಿ ಕೃಷಿ ಮಾಡಿಕೊಂಡಿದ್ದವರು. ಎಪ್ಪತ್ತರ ಮೇಲೆ ತೋಟಕ್ಕೆ ಇಳಿಯುವುದು ನಿಂತಿತು. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಿದ್ದರು. ನಾನು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟೆ. ``ಅಪ್ಪ, ದಿನಕ್ಕೆ ಹತ್ತು ಸಲ ಕೈ ಊರದೆ ಎದ್ದು ಕೂತು ಮಾಡಿ'' ಎಂದು ಹೇಳಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆಮೇಲೆ ಅವರು ಮೊದಲಿನಂತೆ ನಡೆಯಲೇ ಇಲ್ಲ. ವೈದ್ಯನ ಮನೆಯಲ್ಲಿ ಆದ ಈ ತಪ್ಪನ್ನು ನಿಮ್ಮ ಮುಂದೆ ಇಡಲು ನನಗೆ ಸಂಕೋಚವಿಲ್ಲ. ನಿಮ್ಮ ಮನೆಯಲ್ಲಿ ಅದು ಆಗದಿದ್ದರೆ ಸಾಕು.

ಆದ್ದರಿಂದ ಮಗ ಬೆಂಚು ಕೇಳಿದರೆ ಬೈಯಬೇಡಿ. ಕೊಡಿಸಿ. ಹಳೆಯದೇ ಇರಲಿ. ಗಟ್ಟಿಯಾದ ಹಳೇ ಬೆಂಚು, ತೆಳ್ಳಗಿನ ಹೊಸ ಬೆಂಚಿಗಿಂತ ಎಷ್ಟೋ ಮೇಲು. ಆದರೆ ಕೊಳ್ಳುವುದನ್ನು ಕಲಿಯಿರಿ.

ಬೆಂಚನ್ನು ಪರೀಕ್ಷಿಸುವ ಬಗೆ

ರೋಗಿಯನ್ನು ಪರೀಕ್ಷಿಸುವಾಗ ನಾವು ನೋಡುತ್ತೇವೆ, ಮುಟ್ಟುತ್ತೇವೆ, ತಟ್ಟುತ್ತೇವೆ, ಕೇಳುತ್ತೇವೆ. ಬೆಂಚನ್ನೂ ಹಾಗೆಯೇ ಪರೀಕ್ಷಿಸಿ. ಹಗಲು ಬೆಳಕಿನಲ್ಲೇ ಹೋಗಿ. ಕೈಯಲ್ಲೊಂದು ಸ್ಪಾನರ್, ಒಂದು ಟಾರ್ಚು ಇರಲಿ.

ಮೊದಲು ಬೆಂಚನ್ನು ತಲೆಕೆಳಗು ಮಾಡಿ. ಮೇಲಿನ ಬಣ್ಣ ಮೋಸ ಮಾಡುತ್ತದೆ, ಅಡಿಭಾಗ ಮಾಡುವುದಿಲ್ಲ. ಕಾಪು, ಮಲ್ಪೆಯಂಥ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಕಬ್ಬಿಣ ಒಳಗಿನಿಂದಲೇ ತಿನ್ನಿಸಿಕೊಳ್ಳುತ್ತದೆ. ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿ. ಬೆಂಚನ್ನು ಅಲುಗಾಡಿಸಿದಾಗ ತುಕ್ಕಿನ ಪುಡಿ ಉದುರಿದರೆ ಅದನ್ನು ಗುಜರಿಗೆ ಬಿಟ್ಟುಬಿಡಿ. ಮೇಲ್ಮೈಯಲ್ಲಿ ಮಾತ್ರ ತುಕ್ಕಿದ್ದರೆ ಉಜ್ಜಿ ಬಣ್ಣ ಬಳಿಯಬಹುದು.

ಎರಡನೆಯದಾಗಿ ಬೆಸುಗೆಗಳು. ರಾಡು ಇಡುವ ಎರಡು ಕಂಬಗಳು ಅಡಿಪಟ್ಟಿಗೆ ಸೇರುವ ಜಾಗದಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ಒಳಗೆ ಬಿರುಕಿರಬಹುದು. ``ವೆಲ್ಡಿಂಗ್ ಮಾಡಿಸಿದ್ರೆ ಆಯ್ತು'' ಎಂಬ ಸಮಾಧಾನ ಬೇಡ. ತೆಳು ಪೈಪಿಗೆ ಮತ್ತೆ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಮುರಿಯುವುದುಂಟು. ಮುರಿಯುವ ಹೊತ್ತಿಗೆ ಅದರ ಕೆಳಗೆ ನಿಮ್ಮ ಮಗನ ತಲೆ ಇರುತ್ತದೆ.

ಮೂರನೆಯದು, ಬೆನ್ನು ಹಲಗೆಯನ್ನು ಏರಿಸಿ ಇಳಿಸುವ ಪಿನ್ನು. ಪಿನ್ನು ಸೇರುವ ತೂತು ದುಂಡಗಿರಬೇಕು. ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಪಿನ್ನು ಯಾವಾಗ ಬೇಕಾದರೂ ಜಾರೀತು. ಪಿನ್ನಿನ ಬದಲಿಗೆ ಮೊಳೆಯನ್ನೋ ಬೇರೆ ಬೋಲ್ಟನ್ನೋ ತೂರಿಸಿದ್ದರೆ ಬೇಡವೆಂದು ಬಿಡಿ.

ನಾಲ್ಕನೆಯದು ಭಾರದ ಲೆಕ್ಕ. ಬೆಂಚು ಎಷ್ಟು ಕಿಲೋ ತಾಳುತ್ತದೆಂದು ಬರೆದಿದ್ದರೆ ಅದರಲ್ಲಿ ಮಲಗಿದವರ ತೂಕವೂ ಸೇರಿದೆಯೇ ಎಂದು ನೋಡಿ. ಬಹಳ ಕಡೆ ಸೇರಿರುತ್ತದೆ. ಆ ಸಂಖ್ಯೆ 150 ಎಂದಿಟ್ಟುಕೊಳ್ಳಿ. 70 ಕಿಲೋ ಹುಡುಗ ಮಲಗಿದರೆ ಉಳಿಯುವುದು 80. ಅದರಲ್ಲಿ ರಾಡಿನ ತೂಕವೂ ಬಂತು. ದೊಡ್ಡ ಜಿಮ್ಮುಗಳಲ್ಲಿರುವ ಸ್ಪರ್ಧೆಯ ರಾಡು ಒಂದೇ 20 ಕಿಲೋ. ಮನೆಯ ಸೆಟ್ಟಿನ ರಾಡು ಹಗುರ, ಆದರೆ ಸೊನ್ನೆಯಲ್ಲ. ಪ್ಲೇಟುಗಳ ಮೇಲೆ ಬರೆದ ತೂಕವನ್ನೂ ಪೂರ್ತಿ ನಂಬಬೇಡಿ. ಪ್ಲಾಸ್ಟಿಕ್ಕಿನೊಳಗೆ ಸಿಮೆಂಟು ತುಂಬಿದ ಅಗ್ಗದ ಪ್ಲೇಟುಗಳಲ್ಲಿ ಎರಡು 5 ಕಿಲೋ ಪ್ಲೇಟು ಒಂದೇ ತೂಕ ಇರುವುದಿಲ್ಲ. ಪರಿಚಯದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಒಂದು ಬದಿ ಹೆಚ್ಚಾದರೆ ಭುಜ ಉಳುಕುತ್ತದೆ.

ಐದನೆಯದು ಅಗಲ. ರಾಡು ಇಡುವ ಕಂಬಗಳು ತೀರಾ ಹತ್ತಿರವಿದ್ದರೆ ಒಂದು ಬದಿಯ ಪ್ಲೇಟು ತೆಗೆದ ಕೂಡಲೇ ರಾಡು ಇನ್ನೊಂದು ಬದಿಗೆ ಮಗುಚುತ್ತದೆ. ಈ ಕಾರಣಕ್ಕೆ ಹಲ್ಲು ಕಳೆದುಕೊಂಡ ತರುಣನೊಬ್ಬನನ್ನು ನಾನು ದಂತವೈದ್ಯರ ಬಳಿಗೆ ಕಳುಹಿಸಿದ್ದೇನೆ. ಎರಡೂ ಬದಿಯಿಂದ ಒಂದೊಂದೇ ಪ್ಲೇಟನ್ನು ಸಮನಾಗಿ ತೆಗೆಯುವುದು ಅಭ್ಯಾಸವಾಗಬೇಕು.

ಕೊನೆಯದಾಗಿ ನೀವೇ ಮಲಗಿ. ಕಾಲು ಎರಡೂ ನೆಲಕ್ಕೆ ಪೂರ್ತಿ ತಾಗಬೇಕು. ಬೆಂಚು ತೊಟ್ಟಿಲಿನಂತೆ ತೂಗಬಾರದು. ಬೆಲೆಯ ವಿಷಯದಲ್ಲಿ ನನ್ನ ಲೆಕ್ಕ ಸರಳ. ಅಂಥದೇ ಹೊಸದಕ್ಕೆ ಅಂಗಡಿಯಲ್ಲಿ ಎಷ್ಟೆಂದು ಕೇಳಿಕೊಂಡು ಹೋಗಿ, ಅದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಉಳಿದ ಹಣದಲ್ಲಿ ರೆಕ್ಸಿನ್ ಬದಲಾಯಿಸಿ.

ಬೆವರು, ಕಜ್ಜಿ ಮತ್ತು ತುಕ್ಕು

ರೆಕ್ಸಿನ್ ಯಾಕೆಂದರೆ, ಹರಿದ ರೆಕ್ಸಿನ್ನಿನೊಳಗಿನ ಸ್ಪಂಜು ಇತರರ ಬೆವರನ್ನು ಕುಡಿದು ಕೂತಿರುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಅದು ಪೂರ್ತಿ ಒಣಗುವುದೇ ಇಲ್ಲ. ಹುಳುಕಡ್ಡಿಯಂಥ ಶಿಲೀಂಧ್ರದ ಚರ್ಮರೋಗ, ಕುರು ಎಬ್ಬಿಸುವ ರೋಗಾಣುಗಳು ಹೀಗೆ ಹರಡಬಲ್ಲವು. ವಾಹನಗಳ ಸೀಟು ಹೊಲಿಯುವ ಕುಶನ್ ಅಂಗಡಿಯವರು ಹೊಸ ಸ್ಪಂಜು, ರೆಕ್ಸಿನ್ ಹಾಕಿಕೊಡುತ್ತಾರೆ. ಹರಿದಿಲ್ಲದಿದ್ದರೆ ಸಾಬೂನು ನೀರಿನಲ್ಲಿ ಒರೆಸಿ ಬಿಸಿಲಿಗೆ ಒಣಗಿಸಿ. ಬ್ಲೀಚಿಂಗ್ ಪುಡಿ ಬೇಡ, ಅದು ಕಬ್ಬಿಣವನ್ನು ತಿನ್ನುತ್ತದೆ. ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮದೇ ಟವೆಲು ಹಾಸಿಕೊಂಡು ಮಲಗಲಿ.

ತುಕ್ಕು ಹಿಡಿದ ಕಬ್ಬಿಣ ತಾಗಿ ಗಾಯವಾದರೆ ಧನುರ್ವಾಯು ಬರುತ್ತದೆಂದು ಎಲ್ಲರೂ ಹೆದರುತ್ತಾರೆ. ತುಕ್ಕಿನಿಂದಲೇ ಅದು ಬರುವುದಿಲ್ಲ. ಮಣ್ಣು ಧೂಳಿನಲ್ಲಿರುವ ರೋಗಾಣು ಆಳವಾದ ಗಾಯದೊಳಗೆ ಹೋದರೆ ಬರುತ್ತದೆ. ಚಿಕ್ಕಂದಿನ ಚುಚ್ಚುಮದ್ದುಗಳೆಲ್ಲ ಆಗಿ, ಹತ್ತು ವರ್ಷಕ್ಕೊಮ್ಮೆ ಬಲವರ್ಧಕ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದರೆ ಚಿಂತೆಯಿಲ್ಲ. ನಿಮ್ಮದು ಯಾವಾಗ ಆಯಿತೆಂದು ನೆನಪಿಲ್ಲದಿದ್ದರೆ ಬೆಂಚು ತರುವ ವಾರವೇ ಹಾಕಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಹಳೇ ಬೆಂಚು ಮಾರುವವರು ಕೆಲವೊಮ್ಮೆ ಅರ್ಧ ಉಳಿದ ಪ್ರೋಟೀನ್ ಪುಡಿಯ ಡಬ್ಬ, ಹೆಸರಿಲ್ಲದ ಮಾತ್ರೆ, ಒಮ್ಮೊಮ್ಮೆ ಚುಚ್ಚುಮದ್ದಿನ ಸೀಸೆಯನ್ನೂ ``ಫ್ರೀ'' ಎಂದು ಕೊಡುತ್ತಾರೆ. ಅವನ್ನು ಮನೆಗೆ ತರಲೇಬೇಡಿ. ಸ್ನಾಯು ಉಬ್ಬಿಸುವ ಸ್ಟೀರಾಯ್ಡುಗಳು ಹೃದಯ, ಯಕೃತ್ತುಗಳನ್ನು ಕೆಡಿಸುತ್ತವೆ, ವೃಷಣಗಳನ್ನು ಕುಗ್ಗಿಸಿ ಮಕ್ಕಳಾಗುವುದಕ್ಕೂ ತೊಂದರೆ ತರುತ್ತವೆ. ಸಾರಿನಲ್ಲಿ ಬಂಗುಡೆ, ಬೂತಾಯಿ ಇರುವ ಊರಿನಲ್ಲಿ ಪ್ರೋಟೀನಿಗೆ ಬರವೇ? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಸಸ್ಯಾಹಾರಿಗಳಿಗೆ ಹೆಸರುಕಾಳು, ಕಡಲೆ, ಹುರುಳಿ, ಹಾಲು, ಮೊಸರು ಇವೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಒಂಟಿಯಾಗಿ ಎತ್ತಬೇಡಿ

ಈಗ ಈ ಲೇಖನದ ಮುಖ್ಯ ಮಾತು. ಕೆಲವು ವರ್ಷಗಳ ಹಿಂದೆ ಬೆಳಗಿನ ಆರು ಗಂಟೆಗೆ ತರುಣನೊಬ್ಬನನ್ನು ಮನೆಯವರು ನನ್ನ ಬಳಿಗೆ ಕರೆತಂದರು. ಕುತ್ತಿಗೆಯ ಮೇಲೆ ಅಡ್ಡಲಾಗಿ ನೀಲಿಗಟ್ಟಿದ ಬರೆ. ಧ್ವನಿ ಹೊರಡುತ್ತಿಲ್ಲ. ತಾರಸಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎತ್ತುತ್ತಿದ್ದನಂತೆ. ಕೊನೆಯ ಸುತ್ತಿನಲ್ಲಿ ತೋಳು ಸೋತು ರಾಡು ಎದೆಗೆ ಇಳಿಯಿತು, ಅಲ್ಲಿಂದ ಕುತ್ತಿಗೆಗೆ ಉರುಳಿತು. ಪ್ಲೇಟು ಜಾರದಂತೆ ಎರಡೂ ತುದಿಗೆ ಲಾಕು ಬಿಗಿದಿದ್ದ. ಕೂಗಲು ಉಸಿರಿಲ್ಲ. ಕಾಲಿನಿಂದ ನೆಲ ಬಡಿದ. ಕೆಳಗೆ ಕಾಫಿ ಮಾಡುತ್ತಿದ್ದ ತಾಯಿಗೆ ಆ ಸದ್ದು ಕೇಳಿತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ ಎಂಬುದೊಂದು ಪುಣ್ಯ. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ, ಉಳಿದುಕೊಂಡ. ಧ್ವನಿ ಸರಿಯಾಗಲು ವಾರಗಳು ಹಿಡಿದವು. ಪ್ರಪಂಚದ ಬೇರೆ ಬೇರೆ ಕಡೆ ಹೀಗೆಯೇ ಒಂಟಿಯಾಗಿ ಎತ್ತುವಾಗ ರಾಡಿನಡಿ ಸಿಕ್ಕಿ ಸತ್ತವರಿದ್ದಾರೆ.

ನಮ್ಮ ಜಿಲ್ಲೆಯ ಹೆಮ್ಮೆ, ಕುಂದಾಪುರ ಕಡೆಯ ಗುರುರಾಜ ಪೂಜಾರಿ ಅವರನ್ನು ನೋಡಿ ಎಷ್ಟೋ ಹುಡುಗರು ಭಾರ ಎತ್ತಲು ಹೊರಟಿದ್ದಾರೆ. ಸಂತೋಷವೇ. ಲಾರಿ ಚಾಲಕರ ಮಗನಾದ ಅವರು ಉಜಿರೆಯ ಕಾಲೇಜಿನಲ್ಲಿ ಓದುವಾಗ ಈ ಕ್ರೀಡೆ ಕಲಿತು, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದ ಕಂಚು ತಂದರು. ಆದರೆ ಒಂದು ವ್ಯತ್ಯಾಸ ಗಮನಿಸಿ. ಅವರದು ನಿಂತು ಎತ್ತುವ ಕ್ರೀಡೆ. ಕೈ ಸೋತರೆ ರಾಡನ್ನು ಕೆಡವಿ ಹಿಂದೆ ಸರಿಯಬಹುದು. ಬೆಂಚಿನ ಮೇಲೆ ಮಲಗಿದವನಿಗೆ ಸರಿಯಲು ಜಾಗವೇ ಇಲ್ಲ. ಅದಕ್ಕಾಗಿಯೇ ಬೆಂಚ್ ಪ್ರೆಸ್ ಇರುವ ಪವರ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ರಾಡಿನ ಬಳಿ ಕಾಯುವವರು ಇರಲೇಬೇಕೆಂಬ ನಿಯಮವಿದೆ. ಪಳಗಿದ ಕ್ರೀಡಾಪಟುವಿಗೆ ಬೇಕಾದ ಕಾವಲು ನಿಮ್ಮ ಮಗನಿಗೆ ಬೇಡವೇ?

ಆದ್ದರಿಂದ ನನ್ನ ಖಂಡಿತವಾದ ಅಭಿಪ್ರಾಯ ಇದು. ಬೆಂಚು ತಾರಸಿಯ ಕೋಣೆಯಲ್ಲಿ ಬೇಡ, ಮಗನ ಮಲಗುವ ಕೋಣೆಯಲ್ಲೂ ಬೇಡ. ಚಾವಡಿಯಲ್ಲಿರಲಿ. ``ಬಂದವರು ಏನೆಂದುಕೊಂಡಾರು?'' ಎಂಬುದು ಗೃಹಿಣಿಯರ ಆಕ್ಷೇಪ. ಬಂದವರು ಟೀವಿ ನೋಡಿ ಏನೂ ಅಂದುಕೊಳ್ಳುವುದಿಲ್ಲವಲ್ಲ! ಚಾವಡಿಯಲ್ಲಿದ್ದರೆ ಯಾರಾದರೊಬ್ಬರ ಕಣ್ಣು ಅದರ ಮೇಲಿರುತ್ತದೆ. ಕೈ ಸೋತಾಗ ಓಡಿ ಬರುವವರಿರುತ್ತಾರೆ. ಕಣ್ಣಿಗೆ ಬೀಳುತ್ತಿರುವುದರಿಂದ ಬಳಕೆಯೂ ಆಗುತ್ತದೆ.

ಎತ್ತುವವನ ತಲೆಯ ಹಿಂದೆ ಒಬ್ಬರು ನಿಂತು, ಎರಡೂ ಕೈಯನ್ನು ರಾಡಿನ ಕೆಳಗೆ ಸಿದ್ಧವಾಗಿ ಹಿಡಿದಿರಬೇಕು. ಯಾರೂ ಇಲ್ಲದ ದಿನ ರಾಡು ಬಿಟ್ಟು ಡಂಬೆಲ್ ಹಿಡಿಯಲಿ, ಸೋತರೆ ಬದಿಗೆ ಬಿಡಬಹುದು. ನೆಲದ ಮೇಲೆ ದಂಡ ಹೊಡೆದರೂ ಸರಿ. ಒಂಟಿಯಾಗಿ ರಾಡು ಎತ್ತುವುದು ಬೇಡವೇ ಬೇಡ. ಹೇಳಿದರೂ ಕೇಳದೆ ಎತ್ತುವವನಿದ್ದರೆ ತುದಿಯ ಲಾಕನ್ನಾದರೂ ತೆಗೆದಿರಲಿ. ಸಿಕ್ಕಿಬಿದ್ದಾಗ ರಾಡನ್ನು ಒಂದು ಬದಿಗೆ ಓರೆ ಮಾಡಿದರೆ ಪ್ಲೇಟುಗಳು ಜಾರಿ ಬೀಳುತ್ತವೆ, ಜೀವ ಉಳಿಯುತ್ತದೆ. ರಾಡನ್ನು ಹೆಬ್ಬೆರಳು ಸುತ್ತಿಯೇ ಹಿಡಿಯಬೇಕು.

ಹಳೆಯ ಮನೆಗಳ ಮರದ ಹಲಗೆಯ ಮಾಳಿಗೆಯ ಮೇಲೆ ಬೆಂಚು ಇಡಬೇಡಿ. ಫ್ಯಾನಿನ ಕೆಳಗೆ ನಿಂತು ತಲೆಯ ಮೇಲಕ್ಕೆ ಭಾರ ಎತ್ತಬೇಡಿ. ಕೆಲಸ ಮುಗಿದ ಕೂಡಲೇ ರಾಡಿನಿಂದ ಪ್ಲೇಟು ತೆಗೆದು ನೆಲದ ಮೇಲೆ ಮಲಗಿಸಿಡಿ. ಗೋಡೆಗೆ ಒರಗಿಸಿದ ಪ್ಲೇಟು ಅಂಬೆಗಾಲಿಡುವ ಮಗುವಿನ ಬೆರಳಿಗೆ ಶತ್ರು.

ಯಾರು ಕಾಯಬೇಕು, ಹೇಗೆ ಆರಂಭಿಸಬೇಕು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ಮರುಗಿತು. ಮರುವಾರ ನನ್ನ ಕ್ಲಿನಿಕ್ಕಿನಲ್ಲಿ ಇಸಿಜಿಗೆ ಸಾಲು. ``ಜಿಮ್ ಬಿಟ್ಟುಬಿಟ್ಟೆ ಡಾಕ್ಟ್ರೇ'' ಎಂದವರೇ ಹೆಚ್ಚು. ಆ ಸಾವಿನ ಕಾರಣವನ್ನು ದೂರದಲ್ಲಿ ಕುಳಿತು ವಿವರಿಸುವುದು ನನ್ನ ಕೆಲಸವಲ್ಲ. ಆದರೆ ನಾವು ಕಲಿಯಬೇಕಾದ ಪಾಠ ವ್ಯಾಯಾಮ ಬಿಡುವುದಲ್ಲ. ಎದೆಯಲ್ಲಿ ಒತ್ತಡ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಬಂದರೆ ಅದನ್ನು ಗ್ಯಾಸು ಎಂದು ತಳ್ಳಿಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡುವುದು. ಅವರದೇ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು ರಾಜ್ಯ ಸರಕಾರ ಹೊರತಂದದ್ದು, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರ ಸಲಹೆ ಪಡೆಯುವುದಕ್ಕಾಗಿ.

ನಡೆಯುವಾಗ ಎದೆ ಹಿಡಿದಂತಾಗುವವರು, ಎಂದಾದರೂ ವ್ಯಾಯಾಮದ ನಡುವೆ ಪ್ರಜ್ಞೆ ತಪ್ಪಿದವರು, ಹತ್ತಿರದ ಬಂಧುಗಳು ಚಿಕ್ಕ ವಯಸ್ಸಿನಲ್ಲಿ ಹಠಾತ್ ತೀರಿಕೊಂಡಿರುವವರು, ನಲವತ್ತು ದಾಟಿ ಧೂಮಪಾನವೋ ಸಕ್ಕರೆ ಕಾಯಿಲೆಯೋ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯದೋ ಕಣ್ಣಿನದೋ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯಲ್ಲಿ ರಕ್ತಸ್ರಾವವಾದವರು ಒಪ್ಪಿಗೆ ಸಿಗುವವರೆಗೆ ಎತ್ತಬಾರದು. ಗರ್ಭಿಣಿಯರು ನಾಲ್ಕನೇ ತಿಂಗಳ ಮೇಲೆ ಅಂಗಾತ ಮಲಗಿ ಎತ್ತಬಾರದು.

ರಕ್ತದೊತ್ತಡ ಇರುವವರಿಗೆ ಒಂದು ವಿಶೇಷ ಮಾತು. 1985ರಲ್ಲಿ ಕೆನಡಾದ ಸಂಶೋಧಕರು ಪಳಗಿದ ದೇಹದಾರ್ಢ್ಯಪಟುಗಳ ರಕ್ತನಾಳದೊಳಗೇ ಒತ್ತಡ ಅಳೆದರು. ಎರಡೂ ಕಾಲಿನಿಂದ ದೊಡ್ಡ ಭಾರ ತಳ್ಳುವಾಗ ಸರಾಸರಿ 320/250ಕ್ಕೆ ಏರಿತ್ತು. ಒಬ್ಬರಲ್ಲಿ 480/350! ಉಸಿರು ಬಿಗಿಹಿಡಿದು ಮುಕ್ಕುವುದು ಇದಕ್ಕೊಂದು ಮುಖ್ಯ ಕಾರಣ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಬಾಯಲ್ಲಿ ಎಣಿಸುತ್ತ ಎತ್ತಿದರೆ ಉಸಿರು ತಾನಾಗಿಯೇ ಸಾಗುತ್ತದೆ. ಒತ್ತಡ ಹತೋಟಿಗೆ ಬಂದ ಮೇಲೆ ಹಗುರ ಭಾರದ ನಿಯಮಿತ ವ್ಯಾಯಾಮ ಅದನ್ನು ಇನ್ನೂ ಸ್ವಲ್ಪ ಇಳಿಸುತ್ತದೆ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಆರಂಭಕ್ಕೆ ಎರಡು ವಾರ ಬರಿಯ ರಾಡು ಸಾಕು. ನಂತರ ಹನ್ನೆರಡರಿಂದ ಹದಿನೈದು ಸಲ ಎತ್ತಬಲ್ಲಷ್ಟು, ಕೊನೆಯ ಎರಡು ಸಲ ಮಾತ್ರ ಕಷ್ಟವಾಗುವಷ್ಟು ಭಾರ. ಎರಡು ಸುತ್ತು. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು. ಸ್ನಾಯು ಬೆಳೆಯುವುದು ಆ ಬಿಡುವಿನಲ್ಲಿ. ನಮ್ಮ ಹುಡುಗರು ಎದೆ ಮತ್ತು ತೋಳನ್ನಷ್ಟೇ ಉಬ್ಬಿಸುತ್ತಾರೆ, ಕೆಳಗೆ ಕಾಲು ನೋಡಿದರೆ ಕೊಕ್ಕರೆಯದು! ಬೆನ್ನಿಗೆ, ಕಾಲಿಗೆ ಸಮಪಾಲು ಕೊಡಿ. ಕಾಲಿನ ವ್ಯಾಯಾಮಕ್ಕೆ ಬೆಂಚೇ ಬೇಕಿಲ್ಲ. ಕಾರ್ಕಳದವರಿಗೆ ಗೊಮ್ಮಟ ಬೆಟ್ಟದ ಮೆಟ್ಟಿಲಿದೆ. 1432ರಲ್ಲಿ ನಿಂತ 42 ಅಡಿಯ ಆ ಮೂರ್ತಿಯ ಊರಿನವರು ವಾರಕ್ಕೆರಡು ಸಲ ಹತ್ತಿ ಇಳಿದರೆ ತೊಡೆ ಗಟ್ಟಿಯಾಗುತ್ತದೆ. ಉಡುಪಿಯವರಿಗೆ ಅಜ್ಜರಕಾಡಿನ ಮೈದಾನ, ಮಣಿಪಾಲದವರಿಗೆ ಎಂಡ್ ಪಾಯಿಂಟ್, ಕಾಪುವಿನವರಿಗೆ ದೀಪಸ್ತಂಭದ ಬುಡದ ಮರಳ ದಂಡೆ ಇದೆ. ಒಂದಕ್ಕೂ ಹಳೇ ಬೆಲೆ ಹೊಸ ಬೆಲೆ ಇಲ್ಲ.

ಕಾಪುವಿನ ಆ ತಂದೆಗೆ ಮಾತ್ರೆ ಆರಂಭಿಸಿ, ಉಪ್ಪು, ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿಸಿದೆ. ಆರು ವಾರಗಳ ನಂತರ 136/86. ಬೆಂಚು ಮನೆಗೆ ಬಂದಿದೆ, ಚಾವಡಿಯಲ್ಲೇ ಇದೆ. ಮಗ ಎತ್ತುವಾಗ ತಂದೆ ಹಿಂದೆ ನಿಲ್ಲುತ್ತಾರೆ. ತಂದೆ ಎರಡು ಹಗುರ ಡಂಬೆಲ್ ಎತ್ತುವಾಗ ಮಗ ``ಉಸಿರು ಬಿಡಿ ಪಪ್ಪ'' ಎಂದು ಎಣಿಸುತ್ತಾನೆ. ಎಪ್ಪತ್ತಾರರ ಅಜ್ಜಿ ಬೆಂಚಿನ ತುದಿಯಲ್ಲಿ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾರಂತೆ. ಮೊದಲ ವಾರ ಮೂರೇ ಸಲ ಆಗುತ್ತಿತ್ತು.

ನಿಮ್ಮ ಮನೆಯ ಹಿರಿಯರನ್ನು ಇವತ್ತು ಸಂಜೆಯೇ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು, ಕೈ ಊರದೆ ಏಳಲು ಹೇಳಿ ನೋಡಿ. ಆಮೇಲೆ ಬೆಂಚು ಯಾರಿಗೆ ಬೇಕೆಂದು ತೀರ್ಮಾನಿಸಿ.